ತುಳಸಿಕಟ್ಟೆಯ ಐಕಾನು

ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಿದ್ದಲಿಂಗೇಶನಿಗೆ ಅವತ್ತು ಬೆಳಗ್ಗೆ ಇದ್ದಕ್ಕಿದ್ದಂತೆ ಪಶ್ಚಾತ್ತಾಪ ಹುಟ್ಟಿತು. ರಗಳೆ ಶುರುವಾದದ್ದೇ ಅಲ್ಲಿಂದ.

ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನ ಮೇಲೆ ಕಡಲೆಕಾಳಿನಷ್ಟು ತುಳಸಿಕಟ್ಟೆಯ ಚಿತ್ರವಿತ್ತು. ಹೆಂಡತಿ ಪ್ರಭಾ ಕಂಪ್ಯೂಟರ್ ಕಲಿಯುವಾಗ ಬರೆದ ಐಕಾನು. "ಗಿರಾಕಿಗಳು ಕಾಯ್ತಾ ಇದಾರೆ, ನಿನ್ನದೊಂದು ಚಿತ್ರಕಲೆ! ಬೇರೆ ಕೆಲಸ ಇಲ್ವಾ?" ಎಂದು ಇವನು ಗದರಿದ್ದೇ ಕೊನೆ, ಆಕೆ ಮತ್ತೆ ಮೌಸ್ ಮುಟ್ಟಿರಲಿಲ್ಲ. ಇವತ್ತು ಆಕೆಯ ಹುಟ್ಟುಹಬ್ಬ. ಆ ತುಳಸಿಕಟ್ಟೆಯನ್ನೇ ದೊಡ್ಡದು ಮಾಡಿ, ಫ್ರೇಮು ಹಾಕಿಸಿ, ಸಂಜೆ ಆಕೆ ಕೆಂಗೇರಿಯ ತಂಗಿಮನೆಯಿಂದ ಬಂದಾಗ ಕೈಗಿಟ್ಟು, 'ತಪ್ಪಾಯ್ತು, ಮತ್ತೆ ಬರಿ' ಎನ್ನಬೇಕು. ಅಷ್ಟೇ ಆಸೆ.

ಹಿಗ್ಗಿಸಿದರೆ ತುಳಸಿಕಟ್ಟೆ ಚೌಕಚೌಕವಾಗಿ ಒಡೆದು ಬಚ್ಚಲುಮನೆಯ ಟೈಲ್ಸಿನಂತಾಯಿತು. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಭೈರೇಶ್ ಕರೆಯದೆಯೇ ಬಂದ.

"ಹಂಗಲ್ಲ ಸಾರ್. ಒಂದೇ ಐಕಾನ್ ಫೈಲೊಳಗೆ ಚಿಕ್ಕದು, ದೊಡ್ಡದು ಅಂತ ಮೂರ್ನಾಲ್ಕು ಚಿತ್ರ ಇರುತ್ತೆ. ಅದನ್ನ ತೋರ್ಸೋಕೆ ಅಂತ್ಲೇ ಒಂದು ಪುಟಾಣಿ ಸಾಫ್ಟ್‌ವೇರ್ ಇದೆ, ಫ್ರೀ. ಹಾಕ್ಲಾ?"

ಅಷ್ಟರಲ್ಲಿ ಮಹಡಿಯ ಓನರ್ ಯಶೋದಮ್ಮ ಕಾಫಿ ಲೋಟದ ಸಮೇತ ಇಳಿದುಬಂದರು. ಭೈರೇಶ್ ಸಾಫ್ಟ್‌ವೇರ್ ತೆರೆದ. ಚಿಕ್ಕದರಲ್ಲಿ ತುಳಸಿಕಟ್ಟೆ. ಮಧ್ಯದ್ದರಲ್ಲೂ ತುಳಸಿಕಟ್ಟೆಯೇ. ಎಲ್ಲಕ್ಕಿಂತ ದೊಡ್ಡದು ಬಂತು ನೋಡಿ! ತುಳಸಿಯೂ ಇಲ್ಲ, ಕಟ್ಟೆಯೂ ಇಲ್ಲ. ಇದೇ ಅಂಗಡಿ, ಇದೇ ಕುರ್ಚಿ. ಅದರಲ್ಲಿ ಬೋಳುತಲೆಯವನೊಬ್ಬ ಕನ್ನಡಕ ಹಣೆಗೇರಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಬಾಯಿ ಬಿಟ್ಟು ನಿದ್ದೆ ಹೊಡೆಯುತ್ತಿದ್ದ.

"ಅಯ್ಯೋ ಶಿವನೇ, ಥೇಟ್ ನೀನೇ ಕಣಪ್ಪಾ!" ಯಶೋದಮ್ಮನ ಕಾಫಿ ನೆತ್ತಿಗೇರಿತು.

ಸಿದ್ದಲಿಂಗೇಶ್ ತನ್ನ ಬೋಳುತಲೆ ಸವರಿಕೊಂಡ.

"ಮಧ್ಯಾಹ್ನದ ಡ್ಯೂಟಿ ಸಾರ್!" ಎಂದ ಭೈರೇಶ್, ಫೋಟೊ ಹೊಡೆದು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟ. ಸ್ವಲ್ಪ ಹೊತ್ತಿಗೆಲ್ಲ ಹೂವಿನವಳು, ಜೆರಾಕ್ಸಿನವನು, ಕಂಡಕಂಡವರೆಲ್ಲ ಬಾಗಿಲಲ್ಲಿ ಇಣುಕಿ "ಎದ್ರಾ ಸಾರ್?" ಎಂದು ಕೇಳತೊಡಗಿದರು.

ಸಿದ್ದಲಿಂಗೇಶನ ಪಶ್ಚಾತ್ತಾಪ ಹೇಳಹೆಸರಿಲ್ಲದೆ ಹೋಯಿತು. "ನಾನು ತಪ್ಪಾಯ್ತು ಅನ್ನೋಕೆ ಹೊರಟ್ರೆ ಇವಳು ನನ್ ಮಾನಾನೇ ಕಳೆದ್ಲಲ್ಲ!" ಎಂದು ಕೂಗಾಡಿ, ಫೈಲನ್ನು ಮತ್ತೆಂದೂ ಸಿಗದ ಹಾಗೆ ಅಳಿಸಿದ. ಭೈರೇಶನ ಕಾಲರ್ ಹಿಡಿದು ಗ್ರೂಪಿನಿಂದಲೂ ಫೋನಿನಿಂದಲೂ ಫೋಟೊ ಅಳಿಸಿಹಾಕಿಸಿದ.

ಸಂಜೆ ಪ್ರಭಾ ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, "ಏನೇ, ನಾನು ಗೊರಕೆ ಹೊಡೆಯೋದನ್ನ ಬರೆದು ತುಳಸಿಕಟ್ಟೆ ಹಿಂದೆ ಬಚ್ಚಿಟ್ಟಿದ್ಯಾ?" ಎಂದ.

ಪ್ರಭಾ ಕಕ್ಕಾಬಿಕ್ಕಿಯಾದಳು. ಆಮೇಲೆ ಅವಳ ಮುಖ ಅರಳಿತು.

"ನೀವಾ? ಅಯ್ಯೋ, ಅದು ನಮ್ಮಪ್ಪ ಕಣ್ರೀ! ಆಸ್ಪತ್ರೆಗೆ ಸೇರೋ ಹಿಂದಿನ ದಿನ ಇಲ್ಲಿಗೆ ಬಂದು ನಿಮ್ ಕುರ್ಚೀಲೇ ನಿದ್ದೆ ಹೋಗ್ಬಿಟ್ಟಿದ್ರಲ್ಲ, ಆಗ ನೋಡ್ಕೊಂಡು ಬರೆದೆ. ಆಮೇಲೆ ಅವರು ಮನೆಗೇ ಬರ್ಲಿಲ್ಲ. ನೀವು ಬೈತೀರ ಅಂತ ಒಳಗಡೆ ಇಟ್ಟಿದ್ದೆ. ಟವೆಲ್ ನೋಡಿದ್ರೂ ಗೊತ್ತಾಗ್ಲಿಲ್ವಾ? ನೀವ್ಯಾವತ್ತು ಟವೆಲ್ ಹಾಕಿದ್ರಿ?"

ಸಿದ್ದಲಿಂಗೇಶ್ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಭೈರೇಶನತ್ತ ನೋಡಿದ. ಭೈರೇಶ್ ಕೈಯಲ್ಲಿದ್ದ ಫೋನು ನೋಡಿ, ಇಲ್ಲವೆಂದು ತಲೆಯಾಡಿಸಿದ.

ಪ್ರಭಾ ಆಗಲೇ ಬ್ಯಾಗು ಕೆಳಗಿಟ್ಟು, ಎಷ್ಟೋ ವರ್ಷದ ಮೇಲೆ ಮೌಸ್ ಹಿಡಿದು ಕೂತಿದ್ದಳು.

"ಇದಕ್ಕಿಂತ ಒಳ್ಳೇ ಉಡುಗೊರೆ ಏನು ಬೇಕ್ರೀ? ಎಲ್ಲಿ, ಅಪ್ಪನ್ನ ತೋರ್ಸಿ," ಎಂದಳು.