ಹಸಿರು ಗುಳಿಗೆ

ಯರಗಟ್ಟಿ ಸಮೀಪದ ಅಣು ಇಂಧನ ಘಟಕದಲ್ಲಿ ಸುಡದ ಗುಳಿಗೆಗಳ ಬಣ್ಣ ಹಸಿರು ಎಂದು ಈ ಮೂಲಕ ಘೋಷಿಸಲಾಗಿದೆ. ಕಪ್ಪಗೆ ಕಂಡವರು ಸ್ವಂತ ಖರ್ಚಿನಲ್ಲಿ ಕಣ್ಣು ತೋರಿಸಿಕೊಳ್ಳತಕ್ಕದ್ದು.

ಇದರಿಂದ ಶೈಲಜಾ ಪಟ್ಟ ಫಜೀತಿ ಅಷ್ಟಿಷ್ಟಲ್ಲ. ಆಕೆ ಅಲ್ಲಿನ ಭಟ್ಟಿಯ ಹಂಗಾಮಿ ಎಂಜಿನಿಯರು. ಯುರೇನಿಯಂ, ಪ್ಲುಟೋನಿಯಂ ಎರಡರ ಆಕ್ಸೈಡ್ ಪುಡಿ ಬೆರೆಸಿ, ಅದುಮಿ ಗುಳಿಗೆ ಮಾಡಿ, ಗಟ್ಟಿಯಾಗುವ ತನಕ ಸುಡಬೇಕು. ಮೊದಲ ಭಟ್ಟಿ ಪಾಸಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆ. ಹುಡುಗಿ ಆ ಭಟ್ಟಿಯ ಮೇಲೆ ಜೀವವನ್ನೇ ಇಟ್ಟಿದ್ದಳು ನೋಡ್ರಿ.

ಅಷ್ಟರಲ್ಲಿ ಕನ್ನಡ ನಿಯಮಾವಳಿ ಬಂತು. ಸುಡದ ಗುಳಿಗೆಗೆ ಇಂಗ್ಲಿಷಿನಲ್ಲಿ ‘ಗ್ರೀನ್’ ಅನ್ನುತ್ತಾರೆ, ಅಂದರೆ ಹಸಿ. ಅನುವಾದಕ ಮಹಾಶಯರು ಧಾರಾಳವಾಗಿ ಒಂದಕ್ಷರ ಸೇರಿಸಿ, ‘ಭಟ್ಟಿಗೆ ಹೋಗುವ ಗುಳಿಗೆ ಹಸಿರಾಗಿರತಕ್ಕದ್ದು’ ಎಂದು ಬರೆದಿದ್ದರು.

ತಪಾಸಣೆಗೆ ಬಂದ ಹಣಮಂತಪ್ಪ ಸಾಹೇಬರು ಹಸಿ ಗುಳಿಗೆಗಳನ್ನಿಟ್ಟ ಗಾಜಿನ ಪೆಟ್ಟಿಗೆಯೊಳಗೆ ಇಣುಕಿ ಹೌಹಾರಿದರು.

“ಏನವಾ, ಇವು ಕರ್ರಗ ಅದಾವಲ್ಲ!”

“ಸಾಹೇಬ್ರ, ಅದು ಹಸರಲ್ರಿ, ಹಸಿ. ಹಸಿ ಇಟ್ಟಂಗಿ ಅನ್ನೂದಿಲ್ಲೇನ್ರಿ ನಾವು? ಹಂಗ.”

“ಅಂದ್ರ ಸರ್ಕಾರ ತಪ್ಪ ಬರದೈತಿ ಅಂತೀಯೇನ?”

“ಹೌದ್ರಿ.”

ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡರು. “ನಾ ಕೇಳಿಲ್ಲ. ನೀ ಅಂದಿಲ್ಲ.”

ಗುಳಿಗೆಗೆ ಬಣ್ಣ ಬಳಿದರೆ ಭಟ್ಟಿ ಕೆಡುತ್ತದೆ. ಕೊನೆಗೆ ಮೇಲ್ವಿಚಾರಕ ನೀಲಪ್ಪ ಪೆಟ್ಟಿಗೆಗೆ ಹಸಿರು ಗಾಜು ಕೂಡಿಸಿದ. ಗುಳಿಗೆಗಳು ಹಸಿರಾದವು. ಕೈಗವಸು ತೊಟ್ಟು ಒಳಗೆ ಚಾಚಿದ ಶೈಲಜಾಳ ಕೈಯೂ ಹಸಿರಾಯಿತು. ಸಾಹೇಬರು ಕೈಯನ್ನೂ ಮಂಜೂರು ಮಾಡಿದರು.

“ಇನ್ನ ಭಟ್ಟಿ ಹಚ್ಚಲೇನ್ರಿ?” ಶೈಲಜಾ ಖುಷಿಯಿಂದ ಕೇಳಿದಳು.

“ಹಚ್ಚಿದ್ರ ಈ ಹಸರು ಏನಾಗತೈತಿ?”

“ಹೋಗತೈತ್ರಿ. ಸುಟ್ಟಮ್ಯಾಲ ಅವು ಹಸಿ ಹೆಂಗ ಉಳೀತಾವ್ರಿ?”

“ಅಬಬಾ! ಹಸರು ಸುಡೂದು ಗುನ್ಹೆ ಐತಿ!” ಸಾಹೇಬರು ಗೋಡೆಯ ಮೇಲಿನ ‘ಹಸಿರು ಉಳಿಸಿ’ ಫಲಕಕ್ಕೆ ಕೈಮುಗಿದು, ಭಟ್ಟಿಗೆ ಬೀಗ ಜಡಿಸಿದರು.

ಭಟ್ಟಿಯಿಂದ ಒಂದೂ ಗುಳಿಗೆ ಕೆಟ್ಟು ಹೊರಬಂದಿಲ್ಲವಾದ ಕಾರಣ ಮೊದಲ ಭಟ್ಟಿ ಪಾಸೆಂದು ಪರಿಗಣಿಸಲಾಯಿತು. ಹೊಗೆಯಿಲ್ಲ, ಬಿಸಿಯಿಲ್ಲ, ಉತ್ಪಾದನೆಯಂತೂ ಇಲ್ಲವೇ ಇಲ್ಲ ಎಂದು ಸವದತ್ತಿಯಲ್ಲಿ ಶೈಲಜಾಗೆ ಪರಿಸರ ಪ್ರಶಸ್ತಿ ಕೊಟ್ಟು ಶಾಲು ಹೊದಿಸಿದರು. ಕಾಯಂ ಆದೇಶವೂ ಕೈಸೇರಿತು. ಆಕೆಗೆ ಅಳು ಬಂತು. ಆನಂದಬಾಷ್ಪ ಎಂದು ಸಭೆ ಚಪ್ಪಾಳೆ ತಟ್ಟಿತು.

ಮನೆಯಲ್ಲಿ ತಾಯಿ ತಂಗೆವ್ವ ಬಾಯಿಗೆ ಸಕ್ಕರೆ ಹಾಕಿ ಕೇಳಿದಳು, “ಏನ ಕೆಲಸವಾ ಈಗ?”

“ಭಟ್ಟಿ ತಣ್ಣಗ ಐತೋ ಇಲ್ಲೋ, ದಿನಾ ಮುಟ್ಟಿ ನೋಡೂದು.”

“ಕಾಯಂ ಹೌದಲ್ಲ?”

“ಕಾಯಂ.”

“ಹಂಗಾರ ಛಲೋತ್ನಾಗಿ ಮುಟ್ಟಿ ನೋಡವಾ.”

ಮರುದಿನ ಶೈಲಜಾ ಮುಟ್ಟಿ ನೋಡಿದಳು. ತಣ್ಣಗಿತ್ತು. ಕೆಲಸ ಪ್ರಗತಿಯಲ್ಲಿದೆ ಎಂದು ವರದಿ ಮಾಡಿದಳು.