ದುರ್ಗಮ್ಮಜ್ಜೀದು ಮುಗೀತು

ತಪ್ಪೆಲ್ಲ ಆ ಎಡಗೈ ಹೆಬ್ಬೆರಳಿನದು. ಬೆಳಿಗ್ಗೆ ಏಳೂವರೆಗೆ ಗಂಗಾಶ್ರೀಯ ಬಲಗೈ ರೊಟ್ಟಿ ಹಿಟ್ಟಿನಲ್ಲಿತ್ತು, ಎಡಗೈಯಲ್ಲಿ ಫೋನಿತ್ತು. ಹಂಚಿನ ಮೇಲಿನ ರೊಟ್ಟಿ ಹೊಗೆ ಬಿಡಲು ಶುರುಮಾಡಿತ್ತು. ಮಗಳು ಧನ್ಯಾ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದು ಕಾಲಿನದಕ್ಕಾಗಿ ಮನೆಯೆಲ್ಲ ಕುಂಟುತ್ತಿದ್ದಳು. ಇಂಥ ಹೊತ್ತಿನಲ್ಲಿ ಗಂಗಾಶ್ರೀ ಸೊರಬದ ಚೆನ್ನವೀರಮ್ಮನವರಿಗೆ ಒಂದು ಮೆಸೇಜು ಕಳಿಸಿದಳು:

"ದುರ್ಗಮ್ಮಜ್ಜೀದು ಇವತ್ತು ಬೆಳಿಗ್ಗೆ ಮುಗೀತು. ಹನ್ನೊಂದಕ್ಕೆ ಹೊರಡೋದು."

ಕಳಿಸಿ, ಫೋನನ್ನು ಉಪ್ಪಿನ ಡಬ್ಬಿಯ ಪಕ್ಕ ಬೋರಲು ಹಾಕಿ, ಕರಕಾಗುತ್ತಿದ್ದ ರೊಟ್ಟಿಯನ್ನು ಮಗುಚಿದಳು. ಮೆಸೇಜು ಚೆನ್ನವೀರಮ್ಮನವರಿಗೆ ಹೋಗಿರಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಯಾರೋ ಗುಲಾಬಿ ಹೂವಿನ ಶುಭೋದಯ ಕಳಿಸಿದ್ದರಿಂದ ಮೇಲೆದ್ದು ಬಂದಿದ್ದ 'ನಮ್ಮ ಓಣಿ' ಗ್ರೂಪಿಗೆ ಹೋಗಿತ್ತು.

ಇಲ್ಲಿ ಗಂಗಾಶ್ರೀಯ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಶಿಕಾರಿಪುರದ ಆ ಓಣಿಯಲ್ಲಿ ಅವಳು ಹಳೆಯ ಸೀರೆ, ಪಂಚೆ, ಮದುವೆಯ ಕಾಲದ ಕುಪ್ಪಸಗಳನ್ನೆಲ್ಲ ಕೇಳಿ ತಂದು, ಕತ್ತರಿಸಿ, ಕೈಯಲ್ಲೇ ಹೊಲಿದು ಕೌದಿ, ಚೀಲ, ಉಡುಗೊರೆ ಕೊಡುವ ಸಂಚಿ ಮಾಡುತ್ತಿದ್ದಳು. ಹಳೆಯ ಬಟ್ಟೆಗೆ ಅದನ್ನು ಉಟ್ಟವರ ಹೆಸರೇ ಗುರುತು. ಹಾಗಾಗಿ ಅವಳ ಬಾಯಲ್ಲಿ "ಮೇಷ್ಟ್ರನ್ನ ನಾಳೆ ಕತ್ತರಿಸ್ತೀನಿ", "ಅಕ್ಕನಾಗಮ್ಮನ್ನ ನೆನೆಹಾಕೀನಿ, ಬಣ್ಣ ಬಿಟ್ರೆ ಕಷ್ಟ" ಎಂಬಂಥ ಮಾತುಗಳು ಸಲೀಸಾಗಿ ಬರುತ್ತಿದ್ದವು. ಗಂಡ ಸಿದ್ಧಲಿಂಗೇಶ್, ಗೊಬ್ಬರದ ಅಂಗಡಿಯವನು, "ನಮ್ಮನೇಲಿ ಓಣಿ ಜನ ಎಲ್ಲಾ ತುಂಡು ತುಂಡಾಗಿ ಬಿದ್ದಾರೆ, ಪೊಲೀಸ್ನೋರು ಬಂದ್ರೆ ನಾನಿಲ್ಲ" ಎನ್ನುತ್ತಿದ್ದ. ಓಣಿಯವರು ಹಿಂದಿನಿಂದ ಅವಳನ್ನು 'ಚಿಂದಿ ಗಂಗಾ' ಎನ್ನುವುದು ಅವಳಿಗೆ ಗೊತ್ತಿತ್ತು.

ಅದಕ್ಕೇ ಈ ಸೊರಬದ ಕೆಲಸ ಅವಳಿಗೆ ಅಷ್ಟು ದೊಡ್ಡದು. ಊರಾಚೆಯಿಂದ ಬಂದ ಮೊದಲ ಕೆಲಸ. ಚೆನ್ನವೀರಮ್ಮನವರ ಮೊಮ್ಮಗನಿಗೆ ತೊಟ್ಟಿಲ ಶಾಸ್ತ್ರ. ಕೂಸನ್ನು ಮೊದಲು ಮಲಗಿಸುವುದು ಹಳೆಯ ಬಟ್ಟೆಯ ಮೇಲೆಯೇ ತಾನೆ, ಅದೂ ತುಂಬು ಬಾಳು ಬಾಳಿದವರ ಸೀರೆಯಾದರೆ ಅವರ ಆಯುಷ್ಯ ಕೂಸಿಗೆ ಬರುತ್ತದೆ. "ತೊಂಬತ್ತು ದಾಟಿರಬೇಕು, ಗಟ್ಟಿಮುಟ್ಟಾಗಿರಬೇಕು, ಬದುಕಿರಬೇಕು" ಎಂದು ಚೆನ್ನವೀರಮ್ಮ ಮೂರು ಷರತ್ತು ಹಾಕಿದ್ದರು. ಮೂರಕ್ಕೂ ಹೊಂದುವವರು ಓಣಿಯಲ್ಲಿ ಒಬ್ಬರೇ, ಮೂಲೆಮನೆಯ ದುರ್ಗಮ್ಮಜ್ಜಿ. ಎಂಟು ದಿನ ಗೋಗರೆದ ಮೇಲೆ ಅಜ್ಜಿ ಒಂದು ನೇರಳೆ ಬಣ್ಣದ ಸೀರೆ ಕೊಟ್ಟಿದ್ದಳು. ಗಂಗಾಶ್ರೀ ಅದನ್ನು ಎಂಬತ್ತನಾಲ್ಕು ತುಂಡು ಮಾಡಿ, ಮೂರು ವಾರ ಅಡಿಗೆ, ಬಟ್ಟೆ, ಹೋಂವರ್ಕುಗಳ ನಡುವೆ ಕೂತು ಹೊಲಿದಿದ್ದಳು. ಮುನ್ನೂರು ಜನರ ಎದುರು ಆ ಕೌದಿ ತೊಟ್ಟಿಲಿಗೆ ಬಿದ್ದರೆ, ಚಿಂದಿ ಎಂಬ ಹೆಸರು ತೊಲಗಿ 'ಕೌದಿ ಗಂಗಾ' ಆದರೂ ಆದಳು.

ಎರಡನೇ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಪಕ್ಕದ ಮನೆಯ ಅಕ್ಕನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಬಂದರು.

"ಗಂಗಾ... ಮುಗೀತೇನೇ?"

"ಹ್ಞೂಂ ಅಕ್ಕ, ಆರು ಗಂಟೆಗೆ ಮುಗೀತು ನೋಡ್ರಿ. ಉಸ್ಸಪ್ಪಾ ಅನ್ನಿಸ್ತು."

ಅಕ್ಕನಾಗಮ್ಮ ಒಂದು ಹೆಜ್ಜೆ ಹಿಂದಕ್ಕಿಟ್ಟರು. "ಹಂಗನ್ನಬಾರದು ಕಣೆ. ಕೊನೇಲಿ ತ್ರಾಸ ಏನಾದ್ರೂ ಆಯ್ತಾ?"

"ಒಂದು ಮೂಲೆ ಎಳೆದುಕೊಂತು ಅಕ್ಕ, ಸೊಟ್ಟ ಆಗಿಬಿಡ್ತದೇನೋ ಅಂತ ಹೆದರಿದ್ದೆ. ಆಮೇಲೆ ನಾನೇ ಜಗ್ಗಿ ಜಗ್ಗಿ ನೆಟ್ಟಗೆ ಮಾಡಿದೆ."

"ಶಿವನೇ! ನೀನೊಬ್ಳೇ ಇದ್ದೇನು ಹತ್ರ? ಅಜ್ಜಿ ಸೊಸೆ ನಾಗವೇಣಿ ಎಲ್ಲಿದ್ಲು?"

"ಅವಳಿಗಿನ್ನೂ ಗೊತ್ತೇ ಇಲ್ಲ. ಎಲ್ಲಾ ಆದಮೇಲೆ ತೋರಿಸಿದ್ರಾಯ್ತು ಅಂತ."

"ಮತ್ತೆ ಈಗ... ಎಲ್ಲಿ ಮಲಗಿಸಿದೀ?"

"ಮಲಗಿಸೋದೇನು? ಮಡಚಿ ಚೀಲಕ್ಕೆ ಹಾಕೀನಿ. ತೋರಿಸ್ಲೇನು?"

ಅರವತ್ತೈದು ವರ್ಷದ, ಮಂಡಿನೋವಿನ ಅಕ್ಕನಾಗಮ್ಮ ಹೊಸ್ತಿಲು ಹಾರಿ ಓಡಿದ ರೀತಿ ನೋಡಿದರೆ ಕರು ಬಿಚ್ಚಿದ ಹಾಗಿತ್ತು. ಗಂಗಾಶ್ರೀಗೆ ಏನೋ ಅನುಮಾನ ಬಂದು ಫೋನು ಮಗುಚಿದಳು. ನಲವತ್ತಮೂರು ಮೆಸೇಜು. ನಲವತ್ತೊಂದರಲ್ಲಿ ಕೈಮುಗಿದ ಚಿತ್ರ. ಒಬ್ಬರು ಮಾತ್ರ ಮೇಲಿನ ಗುಲಾಬಿಯನ್ನು ಈಗ ನೋಡಿ 'ನಿಮಗೂ ಶುಭೋದಯ' ಎಂದಿದ್ದರು. ಇನ್ನೊಬ್ಬರು ಹನ್ನೊಂದಕ್ಕಾದರೆ ತಿಂಡಿ ಮಾಡಿಕೊಂಡು ಬರಬಹುದಾ ಎಂದು ಕೇಳಿದ್ದರು.

ಗಂಗಾಶ್ರೀ ಹಿಟ್ಟಿನ ಕೈಯಲ್ಲೇ ಬರೆದಳು: "ತಪ್ಪು ತಿಳೀಬೇಡಿ. ಅಜ್ಜಿ ಇನ್ನೂ ನಮ್ಮ ಜೊತೆಗೇ ಇದ್ದಾರೆ."

ತಕ್ಷಣ ಉತ್ತರ ಬಂತು. "ನಿಜ ಗಂಗಕ್ಕ. ಸದಾ ನಮ್ಮ ಜೊತೆಗೇ ಇರ್ತಾರೆ." ಅದರ ಕೆಳಗೆ ಇನ್ನೂ ಒಂಬತ್ತು ಕೈಮುಗಿದ ಚಿತ್ರಗಳು.

ಧನ್ಯಾಳಿಗೆ ಬೇರೆ ಜೋಡಿಯ ಸಾಕ್ಸೊಂದನ್ನು ತೊಡಿಸಿ ಶಾಲೆಯ ಆಟೋ ಹತ್ತಿಸಿ, ಗಂಗಾಶ್ರೀ ಕೌದಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಮೂಲೆಮನೆಗೆ ಓಡಿದಳು. ಅಲ್ಲಿ ಆಗಲೇ ಮೂವತ್ತು ಜನ. ಅಜ್ಜಿಯ ಸೊಸೆ ನಾಗವೇಣಿ ನಡುಮನೆಯಲ್ಲಿ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಳು.

"ನಾಗವೇಣೀ, ಅಜ್ಜಿ ಎಲ್ಲಿ?"

"ಇನ್ನೆಲ್ಲಿ ಗಂಗಕ್ಕಾ! ಈಗಿನ್ನ ಕಾಫಿ ಕೊಟ್ಟಿದ್ದೆ, ಸಕ್ಕರೆ ಕಮ್ಮಿ ಅಂತ ಬೈದ್ರು. ಹಿಂಗಾಗ್ತದೆ ಅಂತ ಗೊತ್ತಿದ್ರೆ ಇನ್ನೊಂದು ಚಮಚ ಹಾಕ್ತಿದ್ದೆ."

"ಈಗಿನ್ನ ಬೈದ್ರು ಅಂದ್ಮೇಲೆ ಸಾಯೋದು ಹೆಂಗೆ? ಹಿತ್ತಲಾಗೆ ನೋಡ್ದೇನು?"

"ನೋಡೋದೇನು ಗಂಗಕ್ಕ, ಗ್ರೂಪಿನಾಗೇ ಬಂದೈತಲ್ಲ!"

ಹಿತ್ತಲಿನಿಂದ ಕೆಮ್ಮು ಕೇಳಿಸಿತು. ಎಲ್ಲರೂ ಒಬ್ಬರ ಹಿಂದೊಬ್ಬರು ಹೋಗಿ ಇಣುಕಿದರೆ, ದುರ್ಗಮ್ಮಜ್ಜಿ ಬಚ್ಚಲ ಪಕ್ಕದ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಅಡಕೆ ಕುಟ್ಟುತ್ತಿದ್ದಳು. ತಲೆಯೆತ್ತಿದಳು. ಜನ ನೋಡಿದಳು. ಕೊನೆಗೆ ನಿವೃತ್ತ ಮೇಷ್ಟ್ರು ಪರಮಶಿವಪ್ಪನವರ ಕೈಯಲ್ಲಿದ್ದ ಮಾರುದ್ದದ ಸೇವಂತಿಗೆ ಹಾರದ ಮೇಲೆ ಅವಳ ಕಣ್ಣು ನಿಂತಿತು.

"ಅದ್ಯಾರಿಗೆ ಮೇಷ್ಟ್ರೇ?"

ಗಂಗಾಶ್ರೀ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಅವಳ ಕಡೆ ಕಣ್ಣು ಬಿಟ್ಟು, "ನೀವು ಸುಮ್ನಿರಮ್ಮ, ಈಗ ನಿಜ ಹೇಳಿದ್ರೆ ನಿಜವಾಗ್ಲೂ ಹೋಗಿಬಿಡ್ತಾರೆ" ಎಂದು ಪಿಸುಗುಟ್ಟಿದರು. ಮೂವತ್ತಾರು ವರ್ಷ ಪಾಠ ಹೇಳಿದವರು, ಗಂಟಲು ಸರಿಮಾಡಿಕೊಂಡರು.

"ಅಜ್ಜೀ, ಇದು ನಿಮಗೇ. ಓಣಿಯ ಹಿರಿಯರಿಗೆ ಸನ್ಮಾನ. ಈ ವರ್ಷದಿಂದ ಶುರು."

"ಹೌದಾ? ಮತ್ತೆ ಶಾಲು ಎಲ್ಲಿ?"

ಒಬ್ಬರ ಮನೆಯಿಂದ ಶಾಲು ಬಂತು. ಶಾಲಿನ ಹಿಂದೆ ಹಣ್ಣಿನ ಬುಟ್ಟಿ ಬಂತು. ಅಜ್ಜಿಯನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಮೇಷ್ಟ್ರು ಭಾಷಣ ಶುರುಮಾಡಿದರು, ಆದರೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದು ಬೇರೆ ಭಾಷಣವಾದ್ದರಿಂದ ನಾಲಿಗೆ ಆಗಾಗ ಹಳೇ ಜಾಡಿಗೆ ಜಾರುತ್ತಿತ್ತು. "ಅಜ್ಜಿಯವರು ಬಹಳ ಒಳ್ಳೆಯವರಾಗಿದ್ದರು... ಆಗಿದ್ದಾರೆ. ಅವರ ಅಗಲಿಕೆ... ಅವರ ಅಗಲವಾದ ಹೃದಯ..." ಅಳುತ್ತಾ ಬಂದವರು ಅಳು ನಿಲ್ಲಿಸಲಾಗದೆ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಅಜ್ಜಿಗೆ ಅದು ಬಹಳ ಹಿಡಿಸಿತು. "ನನ್ನ ಮೇಲೆ ಇಷ್ಟು ಪ್ರೀತಿ ಐತಿ ಅಂತ ಗೊತ್ತೇ ಇರ್ಲಿಲ್ಲ ಬಿಡ್ರಿ" ಎಂದು ಇನ್ನೂ ನಾಲ್ಕು ಜನ ಮಾತಾಡಲಿ ಎಂದಳು. ಅಕ್ಕನಾಗಮ್ಮ ಮಾತ್ರ ದೂರ ನಿಂತು ಗಂಗಾಶ್ರೀಯ ಚೀಲವನ್ನೇ ನೋಡುತ್ತಿದ್ದರು.

ಅಜ್ಜಿ ಗಂಗಾಶ್ರೀಯನ್ನೂ ಬಿಡಲಿಲ್ಲ. "ನೀನೂ ಎರಡು ಮಾತಾಡೇ ತಾಯಿ." ಅವಳು ಎರಡು ಮಾತಾಡಿ ಕೆಳಗಿಳಿಯುವಷ್ಟರಲ್ಲಿ ಹನ್ನೊಂದರ ಬಸ್ಸು ಹೋಗಿತ್ತು.

ಮುಂದಿನ ಬಸ್ಸು ಶಿರಾಳಕೊಪ್ಪದಲ್ಲಿ ಮುಕ್ಕಾಲು ಗಂಟೆ ನಿಂತು, ಆಮೇಲೂ ಎಲ್ಲೆಲ್ಲಿ ಕೈ ಅಡ್ಡ ಬಂತೋ ಅಲ್ಲೆಲ್ಲ ನಿಂತು, ಮೂರೂವರೆಗೆ ಸೊರಬ ಮುಟ್ಟಿಸಿತು. ನಾಲ್ಕಕ್ಕೆ ಶಾಸ್ತ್ರ. ಗಂಗಾಶ್ರೀ ಚೀಲವನ್ನು ಎದೆಗವಚಿಕೊಂಡು ಓಡುತ್ತ ಚೆನ್ನವೀರಮ್ಮನವರ ಮನೆ ಸೇರಿದಾಗ ಚಪ್ಪರದ ಕೆಳಗೆ ತೊಟ್ಟಿಲು ಹೂವಿನಲ್ಲಿ ಮುಚ್ಚಿಹೋಗಿತ್ತು. ಚೆನ್ನವೀರಮ್ಮ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ನಿಲ್ಲು ಮಾರಾಯ್ತಿ, ಅದನ್ನ ಒಳಗೆ ತರಬೇಡ."

"ಯಾಕಮ್ಮಾ?"

"ಯಾಕೆ ಅಂತ ಕೇಳ್ತಿಯಲ್ಲ! ಸತ್ತೋರ ಸೀರೆ ಯಾರಾದ್ರೂ ತೊಟ್ಟಿಲಿಗೆ ಹಾಕ್ತಾರಾ? ನಮ್ಮ ಚೈತ್ರ ಬೆಳಿಗ್ಗೆನೇ ಹೇಳಿದ್ಲು."

ಚೈತ್ರ ಆ ಮನೆಯ ಹಿರಿಸೊಸೆ, ಶಿಕಾರಿಪುರದ ಅದೇ ಓಣಿಯ ಹುಡುಗಿ. ಮದುವೆಯಾಗಿ ಆರು ವರ್ಷವಾದರೂ ತವರಿನ ಗ್ರೂಪು ಬಿಟ್ಟಿರಲಿಲ್ಲ. "ಗಂಗಕ್ಕ, ನೀವೇ ಹಾಕಿದ್ರಲ್ಲ, ಹನ್ನೊಂದಕ್ಕೆ ಎತ್ತೋದು ಅಂತ" ಎಂದಳು ಅವಳು.

"ಎತ್ತೋದು ಅಲ್ಲ, ಹೊರಡೋದು! ನಾನು! ಕೌದಿ ತಗೊಂಡು! ಮುಗಿದಿದ್ದು ಹೊಲಿಗೆ ಕಣೇ, ಅಜ್ಜಿ ಅಲ್ಲ!"

"ಸತ್ತಿದ್ದನ್ನ ಮುಚ್ಚಿಡ್ತಾಳೆ, ಪಾಪ. ಮೂರು ವಾರ ಕೂತು ಹೊಲಿದಾಳೆ ಅಲ್ದಾ" ಎಂದು ಒಳಗಿನಿಂದ ಯಾರೋ ಮರುಗಿದರು.

ಗಂಗಾಶ್ರೀ ಬೇರೆ ದಾರಿ ಕಾಣದೆ ನಾಗವೇಣಿಗೆ ವಿಡಿಯೋ ಕಾಲ್ ಮಾಡಿದಳು. "ಅಜ್ಜಿಯನ್ನ ತೋರಿಸೇ, ಬೇಗ!" ಸೊರಬದ ಹನ್ನೆರಡು ತಲೆಗಳು ಆ ಪುಟ್ಟ ಪರದೆಯ ಮೇಲೆ ಬಗ್ಗಿದವು. ಕುರ್ಚಿ ಕಂಡಿತು. ಕುರ್ಚಿಯಲ್ಲಿ ಅಜ್ಜಿ ಕಂಡಳು. ಬೆಳಗಿನ ಸನ್ಮಾನದ ಹಾರವನ್ನು ತೆಗೆಯಲು ಒಪ್ಪದೆ ಅದರಲ್ಲೇ ಊಟ ಮಾಡಿ, ಕತ್ತು ವಾಲಿಸಿ, ಕಣ್ಣು ಮುಚ್ಚಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು.

"ಅಯ್ಯೋ ದೇವರೇ, ಕುರ್ಚಿಲಿ ಕೂರಿಸಿದಾರೆ!" ಎಂದು ಚೆನ್ನವೀರಮ್ಮ ಮುಖ ತಿರುಗಿಸಿದರು.

"ಎಬ್ಬಿಸೇ ನಾಗವೇಣೀ!" ಗಂಗಾಶ್ರೀ ಕಿರುಚಿದಳು. ನಾಗವೇಣಿ ಅತ್ತೆಯ ಭುಜ ಅಲ್ಲಾಡಿಸಿದಳು. ಅಜ್ಜಿ ಒಂದು ಕಣ್ಣು ಬಿಟ್ಟು, "ಏನಿದು, ಎರಡನೇ ಸಲ ಸನ್ಮಾನಾನ?" ಎಂದಳು.

ಚಪ್ಪರದ ಕೆಳಗೆ ನಗುವೋ ನಗು. ಚೆನ್ನವೀರಮ್ಮನವರ ಮುಖ ಅರಳಿತು. ಗಂಗಾಶ್ರೀಯ ಕೈಯಿಂದ ಕೌದಿ ಇಸಿದುಕೊಂಡು ಬಿಡಿಸಿದರು. ಎಂಬತ್ತನಾಲ್ಕು ನೇರಳೆ ತುಂಡುಗಳು, ಇರುವೆ ಸಾಲಿನಂಥ ಹೊಲಿಗೆ. "ಎಷ್ಟು ಚಂದ ಮಾಡಿದೀಯ ಮಾರಾಯ್ತಿ!" ಎಂದು ಅದನ್ನು ತೊಟ್ಟಿಲಿಗೆ ಹಾಸಿಯೇ ಬಿಟ್ಟರು. ಹಿಂದಿನಿಂದ ಇಬ್ಬರು ಹೆಂಗಸರು ಆಗಲೇ "ನಮಗೂ ಒಂದು ಮಾಡಿಕೊಡ್ತೀರೇನ್ರೀ?" ಎಂದು ಕೇಳಿದರು. ಗಂಗಾಶ್ರೀಗೆ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಂತು.

ಚೆನ್ನವೀರಮ್ಮ ಫೋನಿಗೆ ಕೈಮುಗಿದರು. "ಅಜ್ಜೀ, ನಮ್ಮ ಕೂಸಿಗೆ ನಿಮ್ಮ ಸೀರೆ ಕೊಟ್ರಿ. ನಿಮ್ಮ ಆಯುಷ್ಯ ಅದಕ್ಕೂ ಬರ್ಲಿ ಅಂತ ಒಂದು ಮಾತು ಹರಸಿ."

ಅಜ್ಜಿ ಈಗ ಎರಡೂ ಕಣ್ಣು ಬಿಟ್ಟಳು.

"ನನ್ನ ಸೀರೇನಾ? ನಾನೇನು ಹುಚ್ಚಿಯೇನು ತಾಯಿ? ತೊಂಬತ್ತೆರಡು ಆಗೈತಿ. ಉಳಿದಿರೋದೇ ಚೂರುಪಾರು, ಅದನ್ನೂ ಕಂಡೋರ ಮನೆ ಕೂಸಿಗೆ ಹಂಚಿದ್ರೆ ನನ್ನ ಗತಿ? ಕೂಸು ಚೆನ್ನಾಗಿರ್ಲಿ, ಅದು ಬ್ಯಾರೆ ಮಾತು. ಈ ಗಂಗಾ ಎಂಟು ದಿನ ಬೆನ್ನು ಬಿಡಲಿಲ್ಲ. ಸಾಕಾಗಿ ನಮ್ಮ ನಾಗವೇಣಿದು ಒಂದು ಎತ್ತಿ ಕೊಟ್ಟೆ. ಪೆಟ್ಟಿಗೆ ತಳದಾಗೆ ಸುಮ್ನೆ ಬಿದ್ದಿತ್ತು."

ಪರದೆ ಗಡಗಡ ಅಲ್ಲಾಡಿತು. ಫೋನು ಹಿಡಿದಿದ್ದವಳು ನಾಗವೇಣಿಯೇ. ಅಜ್ಜಿ ಮಾಯವಾಗಿ ಅವಳ ಮುಖ ಪರದೆ ತುಂಬ ಬಂತು.

"ಗಂಗಕ್ಕಾ, ಫೋನು ಸ್ವಲ್ಪ ಆ ಕೌದಿ ಹತ್ರ ಹಿಡೀರಿ... ಅಯ್ಯಯ್ಯೋ! ನಮ್ಮವ್ವನ ಸೀರೆ! ನನ್ನ ಮದುವೇಲಿ ನಮ್ಮವ್ವ ಕೊಟ್ಟಿದ್ದು! ಮನೆಯೆಲ್ಲ ಹುಡುಕೀನಲ್ರೀ ನಾನು!"

ಅಷ್ಟರಲ್ಲಿ ತೊಟ್ಟಿಲಿಗೆ ಇಳಿಸುತ್ತಿದ್ದ ಕೂಸಿನ ತಲೆ ಕೌದಿಗೆ ತಾಗಲು ಇನ್ನೊಂದು ಗೇಣಿತ್ತು. ಚೆನ್ನವೀರಮ್ಮ ಕೂಸನ್ನು ಹಾಗೇ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೌದಿಯನ್ನು ಎಳೆದು ಗಂಗಾಶ್ರೀಯ ಕೈಗಿತ್ತರು. ಬೈಯಲಿಲ್ಲ. "ಊಟ ಮಾಡ್ಕೊಂಡು ಹೋಗು" ಎಂದರು, ಅದು ಬೈಗುಳಕ್ಕಿಂತ ಕಷ್ಟವಾಯಿತು. ಈಗಷ್ಟೇ ಕೌದಿ ಕೇಳಿದ್ದ ಇಬ್ಬರು ಹೆಂಗಸರು ಹೋಳಿಗೆ ಬಡಿಸುವ ಕಡೆ ಸರಿದಿದ್ದರು.

ಫೋನು ಇನ್ನೂ ಆನ್ ಇತ್ತು. "ಗಂಗಕ್ಕ, ನನಗೆ ಕೌದಿಗೀದಿ ಬ್ಯಾಡ" ಎನ್ನುತ್ತಿದ್ದಳು ನಾಗವೇಣಿ. "ನಮ್ಮವ್ವ ಹಬ್ಬಕ್ಕೆ ಬರ್ತಾಳೆ. ಆ ಸೀರೆ ಉಟ್ಟು ತೋರಿಸು ಅಂತ ಹೇಳಿ ಕಳಿಸ್ಯಾಳೆ. ನೀವು ಏನಾದ್ರೂ ಮಾಡ್ರಿ, ನನಗೆ ಸೀರೆ ಸೀರೆಯಾಗೇ ಬೇಕು."

ಸಂಜೆಯ ಬಸ್ಸಿನಲ್ಲಿ ಗಂಗಾಶ್ರೀಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೂರು ವಾರದ ಹೊಲಿಗೆಯನ್ನು ತೊಡೆಯ ಮೇಲೆ ಹರಡಿಕೊಂಡು, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಬಿಚ್ಚುತ್ತ ಕೂತಳು. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿದಳು.

"ಎಂತದಕ್ಕ ಅದು, ಕೌದಿ ಹೊಲಿಯೂದಾ?"

"ಇಲ್ಲ ಕಣಮ್ಮಾ" ಎಂದಳು ಗಂಗಾಶ್ರೀ, ಎಳೆಯನ್ನು ಹಲ್ಲಿನಲ್ಲಿ ಕಡಿಯುತ್ತ, "ಸೀರೆ ನೇಯ್ತಾ ಇದೀನಿ."