ಆರು ವೋಲ್ಟಿನ ಕೆಂಪು ಚುಕ್ಕೆ

ಯಾವ ಕೆಲಸಕ್ಕೇ ಆಗಲಿ, ಬೇಕಾದ ಸಲಕರಣೆಯನ್ನು ಮೊದಲು ನಾನೇ ಮಾಡಿಕೊಳ್ಳಬೇಕು ಎನ್ನುವುದು ನನಗಿರುವ ದೊಡ್ಡ ಕಾಯಿಲೆ. ಗೋಡೆಗೊಂದು ಮೊಳೆ ಹೊಡೆಯಿರಿ ಎಂದರೆ ಸುತ್ತಿಗೆಗೆ ಹೊಸ ಹಿಡಿ ಹಾಕಲು ಕೂರುತ್ತೇನೆ. ಹಿಡಿ ನುಣುಪಾಗುವಷ್ಟರಲ್ಲಿ ನನ್ನ ಹೆಂಡತಿ ಗಿರಿಜೆ ಗುಂಡುಕಲ್ಲಿನಿಂದ ಮೊಳೆ ಕುಟ್ಟಿ, ಕ್ಯಾಲೆಂಡರ್ ನೇತುಹಾಕಿ, ಅನ್ನಕ್ಕೂ ಇಟ್ಟಿರುತ್ತಾಳೆ.

ಮಾವನವರ ರೇಡಿಯೋ ವಿಷಯದಲ್ಲೂ ಇದೇ ಆಯಿತು. ನಾವು ತುಮಕೂರಿನ ಮರಳೂರಿಗೆ ಬಾಡಿಗೆಗೆ ಬಂದ ಹೊಸತು. ಮನೆಮನೆಗೂ ಕಂಪ್ಯೂಟರ್ ಬಂದು, ಹಳೆಯವು ಆಗಲೇ ಗುಜರಿ ಸೇರುತ್ತಿದ್ದವು. ಆಷಾಢದಲ್ಲಿ ಹೆಬ್ಬೂರಿನಿಂದ ಬಂದ ಮಾವ, ಟವೆಲ್ಲಿನಲ್ಲಿ ಸುತ್ತಿದ್ದ ರೇಡಿಯೋವನ್ನು ನನ್ನ ಕೈಗಿತ್ತರು. ಅದು ಅವರ ಕೊಟ್ಟಿಗೆಯ ಕಂಬದಲ್ಲಿ ಬೆಳಗ್ಗೆ ಸಂಜೆ ಹಾಡುತ್ತಿದ್ದ ರೇಡಿಯೋ. ಅದು ಹಾಡಿದರೆ ಮಾತ್ರ ಹಸು ಗೌರಿ ಹಾಲು ಬಿಡುತ್ತಿತ್ತು.

"ಅಳಿಯಂದ್ರೇ, ಇದ್ ಕೆಟ್ಟಾಗಿಂದ ಗೌರಿ ಒದೀತಾಳೆ. ಬೇಗ ಮಾಡ್ಕೊಡಿ, ಡೈರಿಗೆ ಹಾಲು ಹಾಕಂಗಿಲ್ಲ ನಾನು," ಎಂದರು.

"ಒಂದು ವಾರ ಸಾಕು ಮಾವ," ಎಂದೆ. ಅಳಿಯನೆಂಬ ಹೆಮ್ಮೆಯಲ್ಲಿ ಬಾಯಿಂದ ಏನೇನೋ ಬಂದುಬಿಡುತ್ತದೆ.

ಅದು ನಾಲ್ಕು ಸೆಲ್ಲಿನ, ಅಂದರೆ ಆರು ವೋಲ್ಟಿನ ರೇಡಿಯೋ. ಆದರೆ ತಿರುಪು ತಿರುಗಿಸಿದಂತೆ ಬೇಕಾದಷ್ಟೇ ವೋಲ್ಟು ಕೊಡುವ ಪವರ್ ಸಪ್ಲೈ ಇಲ್ಲದೆ ರೇಡಿಯೋ ಮುಟ್ಟುವುದು ಶಾಸ್ತ್ರವಲ್ಲ ಎಂದು ನನಗನ್ನಿಸಿತು.

"ನಾಲ್ಕು ಸೆಲ್ ಹಾಕ್ ನೋಡಿದ್ರೆ ಆಗಲ್ವೇನ್ರೀ?" ಎಂದಳು ಗಿರಿಜೆ. ಅಷ್ಟು ಸುಲಭದ ಉಪಾಯವನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಗುಜರಿ ಅಂಗಡಿಯ ಬಾಬಣ್ಣನಿಂದ ಸತ್ತ ಕಂಪ್ಯೂಟರಿನ ಪವರ್ ಡಬ್ಬಿಯೊಂದನ್ನು ತಂದೆ. ಹೊರಗೆ ಕೈಯಗಲದ ಫ್ಯಾನು, ಒಳಗೆ ಜಾಡಿಸಿದಷ್ಟೂ ಮುಗಿಯದ ಧೂಳು, ಬಾಲಕ್ಕೆ ಶ್ಯಾವಿಗೆಯ ಹಾಗೆ ಬಣ್ಣಬಣ್ಣದ ತಂತಿಗಳು. ಡಬ್ಬಿಗೆ ಜೀವ ಬರಲೆಂದು ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಫ್ಯಾನು ಒಂದು ಸುತ್ತು ತಿರುಗಿ ನಿಂತುಬಿಡುವುದು. ಒಂದು ತಿಂಗಳು ಹೀಗೇ ಕಳೆಯಿತು. ಕೊನೆಗೆ ಬಾಬಣ್ಣನೇ, "ಖಾಲಿ ಓಡಲ್ಲ ಸಾರ್ ಅದು, ಏನಾರ ಲೋಡ್ ಕೊಡಿ," ಎಂದ. ಸ್ಕೂಟರಿನ ಹಳೆಯ ಬಲ್ಬೊಂದನ್ನು ಸಿಕ್ಕಿಸಿದೆ. ಫ್ಯಾನು ಗಿರ್ರೆಂದು ತಿರುಗುತ್ತಲೇ ಇತ್ತು!

"ಪರವಾಗಿಲ್ವೇ, ಕೆಲಸ ಕೊಟ್ರೆ ಎದ್ದಿರುತ್ತೆ," ಎಂದಳು ಗಿರಿಜೆ. "ಈ ಮನೇಲಿ ಕೆಲವ್ರು ಕೊಟ್ರೂ ಏಳಲ್ಲ."

ವೋಲ್ಟು ಹೆಚ್ಚುಕಮ್ಮಿ ಮಾಡುವ ತಿರುಪು ಕೂರಿಸಲು ಇನ್ನೊಂದು ತಿಂಗಳು ಹಿಡಿಯಿತು. ಮೀಟರಿನಲ್ಲಿ ಅಳೆದು, ಸರಿಯಾಗಿ ಆರು ವೋಲ್ಟು ಬರುವ ಜಾಗಕ್ಕೆ, ತಿರುಪಿನ ಪಕ್ಕ ಡಬ್ಬಿಯ ಮೇಲೆ, ಗಿರಿಜೆಯ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟೆ. ಆಮೇಲೆ ರೇಡಿಯೋ ಬಿಚ್ಚಿದರೆ, ಸ್ಪೀಕರಿನ ಒಂದು ತಂತಿ ಕಿತ್ತುಬಂದಿತ್ತು, ಅಷ್ಟೆ. ಬೆಸುಗೆ ಹಾಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಆಯುಧಪೂಜೆಯ ಹಿಂದಿನ ಸಂಜೆ ಮಾವ ಬಂದರು, ಗಂಟಲು ಕಟ್ಟಿತ್ತು. "ಮೂರು ತಿಂಗಳಿಂದ ಗೌರಿ ಮುಂದೆ ನಾನೇ ಹಾಡ್ತಾ ಇದೀನಿ ಕಣಮ್ಮ. ಇಲ್ದಿದ್ರೆ ಒಂದು ತೊಟ್ಟು ಹಾಲು ಬಿಡಲ್ಲ," ಎಂದು ಮಗಳ ಹತ್ತಿರ ಹೇಳುವುದು ಕೇಳಿಸಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಳೆ ಪೂಜೆ ಮುಗಿಯುತ್ತಲೇ ಅವರೆದುರಿಗೇ ರೇಡಿಯೋ ಹಾಡಿಸಿ ಮಾನ ಉಳಿಸಿಕೊಳ್ಳಬೇಕು ಎಂದುಕೊಂಡೆ.

ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವ ಸ್ಕೂಟರ್, ಈಳಿಗೆಮಣೆ, ಮಿಕ್ಸಿ, ಕೊನೆಗೆ ನನ್ನ ಡಬ್ಬಿ, ಎಲ್ಲಕ್ಕೂ ಮೂರು ಬೆರಳ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಮಂಗಳಾರತಿ ಆಯಿತು. ರೇಡಿಯೋ ಜೋಡಿಸಿದೆ. "ಮೀಟರ್ ಇಟ್ಟು ನೋಡಲ್ವೇನ್ರೀ?" ಎಂದಳು ಗಿರಿಜೆ. ಮೀಟರ್ ಕಲಿಯುವವರಿಗೆ ಎಂದು ನಕ್ಕು, ಕೆಂಪು ಚುಕ್ಕೆಯವರೆಗೆ ತಿರುಪು ತಿರುಗಿಸಿದೆ.

ರೇಡಿಯೋ ಹಾಡಿತು. ಬೀದಿಗೆಲ್ಲ ಕೇಳುವಂತೆ ಒಂದು ಸಾಲು ಹಾಡಿ, ಚಟ್ ಎಂದು, ಹೊಗೆ ಬಿಟ್ಟು ಸುಮ್ಮನಾಯಿತು.

ಬೆರಳಿನಿಂದ ವಿಭೂತಿ ಒರೆಸಿ ನೋಡಿದೆ. ನನ್ನ ನೇಲ್ ಪಾಲಿಶ್ ಚುಕ್ಕೆ ಅದರಡಿಯಲ್ಲಿ ಕ್ಷೇಮವಾಗಿತ್ತು. ನಾನು ನಂಬಿ ತಿರುಗಿಸಿದ್ದು ಮಾವನವರ ಕುಂಕುಮಕ್ಕೆ; ಅದಿದ್ದದ್ದು ಹತ್ತು ವೋಲ್ಟಿನ ಹತ್ತಿರ. ಮಾವ ಡಬ್ಬಿಯ ಹತ್ತಿರ ಬಗ್ಗಿ ನೋಡಿ, "ನಾನಿಟ್ಟ ಕುಂಕುಮಕ್ಕೆ ಇಷ್ಟೊಂದು ಪವರ್ ಐತೆ ಅಂತ ಗೊತ್ತಿರ್ಲಿಲ್ಲ ಬುಡಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುವಾರವೇ ಹೊಸ ರೇಡಿಯೋ ಕೊಂಡು ಹೆಬ್ಬೂರಿನ ಬಸ್ಸು ಹತ್ತಿದೆ. ಕೊಟ್ಟಿಗೆಯ ಕಂಬಕ್ಕೆ ನಾನೇ ತೂಗುಹಾಕಿ ಹಚ್ಚಿದೆ. ಗೌರಿ ಬಕೆಟ್ಟನ್ನು ಒದ್ದು ಬೀಳಿಸಿದಳು. ಮಾವ ರೇಡಿಯೋ ಆರಿಸಿ, ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಹಾಡಲು ಕೂತರು. ಶ್ರುತಿಯಿಲ್ಲ, ತಾಳವಿಲ್ಲ. ಗೌರಿ ಮೆಲುಕು ಹಾಕುತ್ತ ಬಕೆಟ್ ತುಂಬಾ ಹಾಲು ಕೊಟ್ಟಳು. "ಅವ್ಳಿಗೀಗ ನನ್ ದನೀನೇ ಆಗ್ಬೇಕು ಅಳಿಯಂದ್ರೇ," ಎಂದ ಮಾವನ ಮುಖದಲ್ಲಿದ್ದ ಗೆಲುವನ್ನು ನೋಡಿ, ನನ್ನ ಮೂರು ತಿಂಗಳ ಸೋಮಾರಿತನದಿಂದಲೂ ಒಬ್ಬರಿಗೆ ಒಳ್ಳೆಯದಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಹೊಸ ರೇಡಿಯೋ ಮರಳೂರಿಗೇ ವಾಪಸು ಬಂತು. ಅಡುಗೆಮನೆಯಲ್ಲಿ, ನಾಲ್ಕು ಸೆಲ್ಲಿನ ಮೇಲೆ, ಇಷ್ಟು ವರ್ಷವೂ ಚೆನ್ನಾಗಿಯೇ ಹಾಡುತ್ತಿತ್ತು. ನಿನ್ನೆಯಿಂದ ಯಾಕೋ ಕೊಂಚ ಗೊರಗೊರ ಅನ್ನುತ್ತಿದೆ ಎಂದು ನನಗೆ ಅನುಮಾನ; ಗಿರಿಜೆಗೆ ಮಾತ್ರ ಏನೂ ಕೇಳಿಸುತ್ತಿಲ್ಲವಂತೆ. ಬಿಚ್ಚಿ ನೋಡೋಣವೆಂದರೆ ಬೆಳಗ್ಗೆಯಿಂದ ಸ್ಕ್ರೂಡ್ರೈವರ್ ಕಾಣುತ್ತಿಲ್ಲ. ಇರಲಿ, ಒಂದು ಸ್ಕ್ರೂಡ್ರೈವರ್ ಮಾಡಿಕೊಳ್ಳುವುದು ಎಷ್ಟರ ಕೆಲಸ!